ಹಿಮದ ಈಚೆಯಿಂದ ಕರೆದದ್ದು

ಹಿಮದಲ್ಲಿ ಸತ್ತವನನ್ನು ಎರಡು ಸಲ ಮನೆಗೆ ತರಬೇಕು. ಮೊದಲ ಸಲ ದೇಹವನ್ನು. ಅದಕ್ಕೆ ಸನಿಕೆ ಸಾಕು, ನಾಲ್ಕು ಹೆಗಲು ಸಾಕು. ಎರಡನೆಯ ಸಲ ಜೀವವನ್ನು. ಅದು ಸತ್ತ ಜಾಗದಲ್ಲೇ ದಿಕ್ಕು ತಪ್ಪಿ ಕುಳಿತಿರುತ್ತದೆ. ಅದನ್ನು ಎಬ್ಬಿಸಲು ಚುನೀರಿ ಎಂಬ ತಂತಿವಾದ್ಯ ಬೇಕು, ಒಂದು ಹುಂಜ ಬೇಕು. ಆ ಜಾಗದಲ್ಲಿ ನಿಂತು, ಕುದುರೆಬಾಲದ ಕೂದಲಿನ ಮೂರು ತಂತಿಗಳ ಮೇಲೆ ಕಮಾನು ಎಳೆಯುತ್ತಾರೆ. ಹುಂಜ ಕೂಗಿದರೆ ಜೀವ ಎದ್ದಿತೆಂದು ಅರ್ಥ. ಆಮೇಲೂ ಬಾರಿಸುವವನು ಬಾಯಿ ತೆರೆಯದೆ, ವಾದ್ಯ ನಿಲ್ಲಿಸದೆ, ಯಾರೂ ಹಿಂದಿರುಗಿ ನೋಡದೆ ಮನೆಯ ಹೊಸ್ತಿಲವರೆಗೆ ನಡೆಯಬೇಕು. ಸ್ವಾನೇತಿಯ ನಮ್ಮ ಬೆಟ್ಟಗಳಲ್ಲಿ ಹಿರಿಯರಿಂದ ನಡೆದುಬಂದದ್ದು ಹೀಗೆ.

ಮಿನಾದೋರಾಳ ಗಂಡ ಬಿಮುರ್ಜಾನ ದೇಹ ಮನೆಗೆ ಬಂದಿತ್ತು. ಜೀವ ಬಂದಿರಲಿಲ್ಲ.

ಅವನು ಸತ್ತದ್ದು ಚಳಿಗಾಲ ಇನ್ನೂ ಎಳೆಯದಾಗಿದ್ದಾಗ. ನಮ್ಮ ಊರಾದ ಕೆಳಗಿನ ಚಾಖೇರಿಗೂ ಮೇಲಿನ ಚಾಖೇರಿಗೂ ನಡುವೆ ಬೋಳುಬೆನ್ನು ಎಂಬ ಇಳಿಜಾರಿದೆ. ಮರವಿಲ್ಲದ, ಬಂಡೆಯಿಲ್ಲದ, ಬೇಸಿಗೆಯಲ್ಲಿ ದನ ಮೇಯುವ ಹುಲ್ಲಿನ ಮೈ. ಅದನ್ನು ಅಡ್ಡಹಾಯ್ದರೆ ಮೇಲೂರು ಹತ್ತಿರ. ನದಿಯ ದಾರಿಯಲ್ಲಿ ಸುತ್ತಿಹೋದರೆ ದಿನದ ಬೆಳಕೆಲ್ಲ ಅದಕ್ಕೇ ಮುಗಿಯುತ್ತದೆ. ಮೇಲೂರಿನಲ್ಲಿ ಒಬ್ಬ ಮುದುಕ ತೀರಿಕೊಂಡ ಸುದ್ದಿ ಬಂತು. ಒಂದೇ ಮೇಜಿನಲ್ಲಿ ಉಂಡವನ ಹೆಣದ ಮುಂದೆ ಅದೇ ದಿನ ನಿಂತು ಅಳದಿದ್ದರೆ ನಮ್ಮಲ್ಲಿ ಮೂರು ತಲೆಮಾರು ಅದನ್ನು ಮರೆಯುವುದಿಲ್ಲ. ಬಿಮುರ್ಜಾ ಹೊರಟ. ಬೋಳುಬೆನ್ನು ಹಿಂದಿನ ವಾರವಷ್ಟೇ ಹಿಮವೆಲ್ಲ ಜಾರಿ ಬರಿಮೈಯಾಗಿತ್ತು. ಉಂಡ ಇಳಿಜಾರು ಮತ್ತೆ ಉಣ್ಣುವುದಿಲ್ಲ ಎಂದು ಊರಿನ ಮಾತು. ಆದರೆ ನಡುವೆ ಗಾಳಿ ಬೀಸಿತ್ತು. ಬೆಟ್ಟದ ಆಚೆ ಬದಿಯ ಹಿಮವನ್ನೆಲ್ಲ ಹೊತ್ತು ತಂದು ಆ ಬರಿಮೈಗೆ ಮತ್ತೆ ಹೊದಿಸಿತ್ತು. ನೀಲಿ ಆಕಾಶದ ಕೆಳಗೆ, ಒಂದು ತುಣುಕು ಮೋಡವೂ ಇಲ್ಲದೆ ತುಂಬಿಕೊಂಡ ಹಿಮ ಅದು. ಯಾರ ಲೆಕ್ಕಕ್ಕೂ ಸಿಗಲಿಲ್ಲ. ಬಿಮುರ್ಜಾ ಅಡ್ಡಹಾಯುವಾಗ ಅದು ಜಾರಿ ಅವನನ್ನು ಹೊತ್ತೊಯ್ದಿತು.

ಉದ್ದನೆಯ ಗಳಗಳಿಂದ ಚುಚ್ಚಿ ಚುಚ್ಚಿ ಊರವರು ಅವನನ್ನು ಕೆಳಗಿನ ಕೊರಕಲಿನಲ್ಲಿ ಹುಡುಕಿ ತೆಗೆದರು. ಮಣ್ಣು ಮಾಡಿದ ಮರುದಿನವೇ ಹಿಮ ಸುರಿಯಲು ತೊಡಗಿತು. ಆಮೇಲೆ ಬೋಳುಬೆನ್ನಿನ ಕಡೆಗೆ ಯಾರೂ ಹೋಗಲಿಲ್ಲ.

ಜನವರಿಯ ನಡುವೆ ನಮಗೆ ಲಿಪಾನಾಲಿ ಬರುತ್ತದೆ. ಸತ್ತವರು ಮನೆಗೆ ಬಂದು ಕೆಲವು ದಿನ ಇದ್ದು ಉಂಡು ಹೋಗುವ ಹಬ್ಬ. ಆ ದಿನಗಳಲ್ಲಿ ಮನೆಯಲ್ಲಿ ಯಾರೂ ದನಿ ಎತ್ತುವುದಿಲ್ಲ, ಚಾಕು ಕೆಳಗೆ ಬೀಳಿಸುವುದಿಲ್ಲ. ಮೇಜು ಹಾಸಿ, ಬಾಗಿಲು ತೆರೆದು ಒಬ್ಬೊಬ್ಬರ ಹೆಸರು ಹಿಡಿದು ಕರೆಯುತ್ತಾರೆ. ದಾರಿ ಸಿಕ್ಕವರು ಬರುತ್ತಾರೆ. ಸಿಗದವರು ಹೊರಗೆ ಹಿಮದಲ್ಲಿ ನಿಂತು ಇತರರ ಕಿಟಕಿಯ ಬೆಳಕು ನೋಡುತ್ತಾರೆ ಎನ್ನುತ್ತಿದ್ದರು ನಮ್ಮ ಅಜ್ಜಿಯರು.

ಮಿನಾದೋರಾಗೆ ಮಕ್ಕಳಿರಲಿಲ್ಲ. ಕೆಳಗೆ ಕೊಟ್ಟಿಗೆಯಲ್ಲಿ ಎರಡು ಹಸು, ಮೇಲೆ ಅವಳು. ಹಸುಗಳಿಗೆ ಹುಲ್ಲು ಹಾಕುವಾಗಲೂ ಅವಳ ಮನಸ್ಸು ಆ ಕಿಟಕಿಯ ಹೊರಗೇ ಇರುತ್ತಿತ್ತು.

ಹಬ್ಬ ಹತ್ತಿರ ಬಂದಾಗ ಅವಳು ಮುದುಕ ಸಿಲೊವಾನನ ಮನೆಗೆ ಹೋದಳು. ಕರೆಯುವ ರಾಗ ಗೊತ್ತಿದ್ದವನು ಊರಲ್ಲಿ ಅವನೊಬ್ಬನೇ. ಹೋದಾಗ ಅವನು ಬಾಗಿಲ ಬಳಿ ಕುಳಿತು ಚುನೀರಿಯ ಮೇಲೆ ಒಂದೊಂದೇ ಎಳೆತ ಎಳೆದು ಕಿವಿಗೊಡುತ್ತಿದ್ದ. ಅದು ಹಾಡಲ್ಲ, ಹವಾಮಾನ. ಚುನೀರಿಯ ಮುಖಕ್ಕೆ ಬಿಗಿದ ಚರ್ಮ ಗಾಳಿಯಲ್ಲಿನ ತೇವವನ್ನು ನಮಗಿಂತ ಮೊದಲು ಕುಡಿಯುತ್ತದೆ. ದನಿ ಗಂಟೆಯಂತಿದ್ದರೆ ಒಣಚಳಿ. ಗಂಟಲು ಕಟ್ಟಿದರೆ ತೆಂಕಣದಿಂದ ಬಿಸಿಗಾಳಿ ಬರುತ್ತಿದೆ ಎಂದು ತಿಳಿಯಬೇಕು.

"ಬಾ ತಾಯಿ, ಕೂತ್ಕೊ" ಎಂದ ಸಿಲೊವಾನ್. "ಕೇಳ್ದ್ಯಾ ಇದರ ದನೀನ? ನೆಗಡಿ ಬಂದಿರೋ ಪಾದ್ರಿ ಇದ್ದಂಗೈತೆ."

"ನಿಮ್ಮ ದನಿಗಿಂತ ಎಷ್ಟೋ ವಾಸಿ" ಎಂದಳು ಅವನ ಹೆಂಡತಿ ದೆಸ್ಪಿನೆ, ಒಲೆಯ ಮುಂದಿನಿಂದ. "ಬಾರೆ ಮಿನಾದೋರಾ. ಬಿಸಿ ರೊಟ್ಟಿ ಐತೆ. ತಿನ್ನು, ಮೊದಲು ತಿನ್ನು. ನಿನ್ನ ಮುಖ ನೋಡು, ಹಸಿದ ಬೆಕ್ಕೂ ಇದಕ್ಕಿಂತ ದುಂಡಗಿರ್ತದೆ."

ಮಿನಾದೋರಾ ರೊಟ್ಟಿಯನ್ನು ಕೈಯಲ್ಲಿ ಹಿಡಿದಳು, ತಿನ್ನಲಿಲ್ಲ. "ದೊಡ್ಡಪ್ಪ, ಹಬ್ಬ ಬಂತು. ಅವರನ್ನ ಕರ್ಕೊಂಡ್ ಬರ್ಬೇಕು."

ಸಿಲೊವಾನ್ ಕಮಾನನ್ನು ತೊಡೆಯ ಮೇಲಿಟ್ಟುಕೊಂಡ. "ಈಗಾಗಲ್ಲ ಕಣವ್ವ. ಹಿಮ ಕರಗಲಿ. ನಾನೇ ಬರ್ತೀನಿ, ಆ ಕೊರಕಲಲ್ಲೇ ನಿಂತು ಬಾರಿಸ್ತೀನಿ."

"ಹಿಮ ಕರಗೋದು ಮೇ ತಿಂಗಳಿಗೆ. ಅಲ್ಲೀವರೆಗೆ ಅವರು ಎಲ್ಲಿರ್ಬೇಕು? ಎಲ್ಲರ ಮನೇಲೂ ಎಲ್ಲರೂ ಉಣ್ತಿರ್ತಾರೆ."

"ಆ ಕೊರಕಲ ಮೇಲೆ ಏನು ನೇತಾಡ್ತಿದೆ ಅಂತ ಗೊತ್ತೇನು ನಿನಗೆ? ಇಡೀ ಬೋಳುಬೆನ್ನು. ಒಂದು ಚಪ್ಪಡಿ. ಅದರ ಕೆಳಗೆ ಸಕ್ಕರೆ ಹರಳು ಸುರಿದಂಗೆ ಹಳೇ ಹಿಮ. ಚಪ್ಪಡಿ ಯಾವಾಗ ಬೇಕಾದ್ರೂ ಜಾರ್ಬೋದು."

"ಬೇಕಾದ್ರೆ ಜಾರ್ದೇನೂ ಇರ್ಬೋದು."

"ಇರ್ಬೋದು."

"ಮತ್ತೆ?"

ಮಿನಾದೋರಾ ರೊಟ್ಟಿಯನ್ನು ಮೇಜಿನ ಮೇಲಿಟ್ಟಳು. ಅವಳು ಕಟುವಾಗಿ ಮಾತಾಡುವವಳಲ್ಲ; ಆ ದಿನ ಬಾಯಿಂದ ಬಂದೇಬಿಟ್ಟಿತು. "ಅವತ್ತು ಅವರು ಹೊರಟಾಗ ನಮ್ಮ ಬಾಗಿಲಲ್ಲಿ ನಿಂತು ನೀವೇ ಅಂದ್ರಲ್ಲ, ಉಂಡ ಇಳಿಜಾರು ಮತ್ತೆ ಉಣ್ಣೋದಿಲ್ಲ, ಧೈರ್ಯವಾಗಿ ಹೋಗು ಅಂತ. ಅವತ್ತು ಇದ್ದ ಧೈರ್ಯ ಇವತ್ತು ಎಲ್ಲಿಗೋಯ್ತು?"

ದೆಸ್ಪಿನೆ ಒಲೆಯ ಕಡೆ ತಿರುಗಿದಳು. ಸಿಲೊವಾನ್ ಚುನೀರಿಯ ಚರ್ಮವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

"ಆ ಇಳಿಜಾರಿನ ಬಗ್ಗೆ ಒಂದು ಮಾತಾಡಿದ್ದೆ" ಎಂದ. "ಇನ್ನೊಂದು ಆಡೋದಿಲ್ಲ."

ಆಮೇಲಿನ ದಿನಗಳಲ್ಲಿ ಗಾಳಿ ಬೀಸಿತು. ಶಿಖರದ ತುದಿಯಿಂದ ಹಿಮ ಬಿಳಿ ಬಾವುಟದಂತೆ ಹಾರುತ್ತಿತ್ತು. ಆ ಬಾವುಟ ಹಾರಿದಷ್ಟು ಹೊತ್ತೂ ಬೋಳುಬೆನ್ನಿನ ಮೇಲೆ ಹೊರೆ ಏರುತ್ತಿದೆ ಎಂದು ಈಗ ಊರಿಗೆಲ್ಲ ಗೊತ್ತಿತ್ತು. ಮಿನಾದೋರಾಗೂ ಗೊತ್ತಿತ್ತು. ಅವಳು ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಗಂಡ ಸತ್ತವಳ ಮನೆಗೆ ಮೊದಮೊದಲು ಜನ ಬರುತ್ತಾರೆ. ಆಮೇಲೆ ಅಂಗಳದಿಂದ ಅಂಗಳಕ್ಕೆ ಅಗೆದ ಹಾದಿ ತುಂಬಿಕೊಳ್ಳುತ್ತದೆ. ಹಾದಿ ತುಂಬಿಕೊಂಡದ್ದೇ ಒಂದು ನೆಪವಾಗುತ್ತದೆ. ತಪ್ಪು ಯಾರದೂ ಅಲ್ಲ. ಅವಳು ಸಂತ ಗಿಯೋರ್ಗಿಯ ಪಟದ ಮುಂದೆ ಮೇಣದಬತ್ತಿ ಹಚ್ಚಿ, ದಾರಿ ತೋರಿಸಪ್ಪ ಎಂದಷ್ಟೇ ಬೇಡುತ್ತಿದ್ದಳು. ಯಾರಿಗೆ ಎಂದು ಹೇಳುತ್ತಿರಲಿಲ್ಲ.

ಹಬ್ಬದ ದಿನ ಬೆಳಗಾಗುವಾಗ ಗಾಳಿ ನಿಂತಿತ್ತು. ಮೂಗಿನೊಳಗಿನ ಕೂದಲು ಸೆಟೆಯುವಂಥ ಚಳಿ. ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಸಿಲೊವಾನ್, ಕಾಲಿಗೆ ಬಳ್ಳಿ ಹೆಣೆದ ಹಿಮಮೆಟ್ಟು, ಬೆನ್ನಿಗೆ ಸನಿಕೆ, ಕುರಿಚರ್ಮದಲ್ಲಿ ಸುತ್ತಿದ ಚುನೀರಿ ಎದೆಗೆ.

"ಹುಂಜ ಎಲ್ಲಿ?" ಎಂದ.

ಅವಳು ಕಣ್ಣರಳಿಸಿ ಅವನನ್ನೇ ನೋಡಿದಳು.

"ಹಿಂಗೆ ನೋಡ್ಬೇಡ. ಕೊರಕಲಿಗೆ ಇಳಿಯೋದಿಲ್ಲ. ಭೂರ್ಜಮರಗಳಿರೋ ದಿಬ್ಬದ ಏಣಿನವರೆಗೆ ಹೋಗೋಣ. ಅಲ್ಲಿಂದ ಜಾಗ ಕಾಣ್ತದೆ. ಕಂಡಷ್ಟಕ್ಕೆ ಕರೆಯೋಣ."

"ಜಾಗದಲ್ಲೇ ನಿಂತು ಕರೀಬೇಕಲ್ವ?"

"ಹೌದು, ನಿಲ್ಬೇಕು. ಮೊದಲು ನೀನು ಹುಂಜ ಹಿಡ್ಕೊ."

ಆ ಹುಂಜವನ್ನು ಹಿಡಿಯುವುದೇ ಒಂದು ಯುದ್ಧ. ಕೆಂಪು ಬಣ್ಣದ ಜಗಳಗಂಟ ಪ್ರಾಣಿ. ಬಿಮುರ್ಜಾನ ಹಿಮ್ಮಡಿಯನ್ನು ಕುಕ್ಕದೆ ಅದಕ್ಕೆ ಬೆಳಗಾಗುತ್ತಿರಲಿಲ್ಲ. ಮಿನಾದೋರಾ ಅದನ್ನು ಶಾಲಿನಲ್ಲಿ ಸುತ್ತಿ ತಂದಾಗ ಮುದುಕ ನಕ್ಕ.

"ಇದನ್ನ ಸಾರು ಮಾಡ್ತೀನಿ ಅಂತ ಪ್ರತಿ ಭಾನುವಾರ ಆಣೆ ಹಾಕ್ತಿದ್ದ ನಿನ್ನ ಗಂಡ. ಈಗ ಇದೇ ಕರೆದ್ರೆ ಬರ್ತಾನೇನೆ?"

"ಬೈಯೋಕಾದ್ರೂ ಬರ್ತಾರೆ" ಎಂದಳು ಮಿನಾದೋರಾ. ಎಷ್ಟೋ ದಿನಗಳ ಮೇಲೆ ಅವಳ ತುಟಿಯ ಮೂಲೆ ಸಡಿಲಿತು.

ಅವರು ಕಾಡಿನೊಳಗಿಂದ ಏರಿದರು. ಬೇಗ ಹೋಗಬಹುದಾದ ತೆರಪುಗಳನ್ನು ಬಿಟ್ಟು, ಹಳೆಯ ಮರಗಳು ನೆಟ್ಟಗೆ ನಿಂತ ಜಾಗಗಳನ್ನೇ ಹುಡುಕಿ ಸಿಲೊವಾನ್ ಹೆಜ್ಜೆ ಹಾಕುತ್ತಿದ್ದ. ಬುಡ ಬಾಗಿದ ಮರ ಕಂಡರೆ ದಾರಿ ಬದಲಿಸುತ್ತಿದ್ದ. ಬಾಗಿದ ಮರ ಹಿಮಕುಸಿತದ ಕೆಳಗೆ ತಲೆತಗ್ಗಿಸಿ ಬದುಕಿದ ಮರ. ಅದು ನಿಂತಲ್ಲಿ ಮನುಷ್ಯ ನಿಲ್ಲಬಾರದು. ಇಬ್ಬರೂ ಜೊತೆಯಾಗಿ ನಡೆಯಲಿಲ್ಲ. ತೆರಪು ಬಂದಲ್ಲಿ ಅವನು ಒಬ್ಬನೇ ದಾಟಿ, ಆಚೆ ನಿಂತು ಕೈ ಎತ್ತಿದ ಮೇಲೆ ಅವಳು ದಾಟಬೇಕು. ಹಾಗೆ ಒಬ್ಬಂಟಿಯಾಗಿ ನಡೆಯುವಾಗ ಅವಳಿಗೆ ತನ್ನ ಉಸಿರು, ಶಾಲಿನೊಳಗಿನ ಹುಂಜದ ಎದೆಬಡಿತ, ಇವೆರಡೇ ಕೇಳಿಸುತ್ತಿದ್ದವು.

ಏಣಿನ ತುದಿಗೆ ಬಂದಾಗ ಮರಗಳು ಮುಗಿದವು. ಮುಂದೆ ಬೋಳುಬೆನ್ನು. ನುಣ್ಣಗೆ, ಕೊಬ್ಬಿದ ಎಳೆಗರುವಿನ ಮೈಯಂತೆ, ಒಂದು ಗೀರೂ ಇಲ್ಲದೆ ಮಲಗಿತ್ತು. ಕೆಳಗೆ ಕೊರಕಲಿನ ನೆರಳು. ಬಿಮುರ್ಜಾ ಸಿಕ್ಕ ಜಾಗ ಒಂದು ಕೂಗಿನಷ್ಟು ದೂರ.

ಸಿಲೊವಾನ್ ಅಂಚಿನಲ್ಲಿ ಸನಿಕೆ ಹಾಕಿ ತನ್ನ ಎದೆಯ ಆಳಕ್ಕೆ ಅಗೆದ. ಅಗೆದ ಗೋಡೆಯನ್ನು ಕೈಗವಸಿನಿಂದ ನಯಮಾಡಿದ. ಮೇಲಿನದು ಗಾಳಿ ಕಟ್ಟಿದ ಹಿಮ, ಬೆರಳು ಹೋಗದಷ್ಟು ಗಟ್ಟಿ. ಅದರ ಬುಡದಲ್ಲಿ ಅವನು ಕೈ ಇಟ್ಟ ಕೂಡಲೇ ಹರಳುಗಳು ಮರಳಿನಂತೆ ಸುರಿದವು.

"ನೋಡು" ಎಂದ. "ಅವತ್ತು ಜಾರಿದ ಮೇಲೆ ಬಿದ್ದ ತೆಳು ಹಿಮ. ಬರೀ ಚಳಿ ತಿಂದು ತಿಂದು ಹಿಂಗಾಗೈತೆ. ಒಂದಕ್ಕೊಂದು ಅಂಟೋದಿಲ್ಲ. ಮನೆಯೊಳಗೆ ಒಬ್ಬರಿಗೊಬ್ಬರು ಮಾತು ಬಿಟ್ಟೋರ ಹಂಗೆ. ಮೇಲಿನ ಚಾವಣಿ ಎಷ್ಟು ಗಟ್ಟಿ ಇದ್ರೇನು?"

"ಇವತ್ತು ಚಳಿ ಐತಲ್ಲ ದೊಡ್ಡಪ್ಪ. ಚಳಿಗೆ ಹಿಡ್ಕೊಂಡಿರ್ತದೆ ಅಂತಾರೆ."

"ಹಿಡ್ಕೊಂಡಿರ್ಬೋದು. ಕೇಳು, ನಾನು ಕಮಾನು ಎತ್ತಿದ ಮೇಲೆ ಬಾಯಿ ಬಿಡಂಗಿಲ್ಲ, ನಿಲ್ಲಿಸಂಗಿಲ್ಲ. ನಿನ್ನ ಹಿಂದೆ ಓಡಿಬರೋ ಕಾಲೂ ನಂದಲ್ಲ. ಈ ಕೊನೇ ಮರ ಕಾಣ್ತದಲ್ಲ, ಅದರಿಂದ ಆಚೆ ಹೋಗ್ಬೇಡ."

ಅವಳು ತಲೆಯಾಡಿಸಿದಳು. ಅವನು ಚುನೀರಿಯನ್ನು ಕುರಿಚರ್ಮದಿಂದ ಬಿಚ್ಚಿ, ಬಾಯಿಯ ಬಿಸಿಯುಸಿರು ಬಿಟ್ಟು, ದೊಡ್ಡ ದೇವರ ಹೆಸರು ಹೇಳಿ ಬಾರಿಸತೊಡಗಿದ.

ಆ ರಾಗದಲ್ಲಿ ಅಳು ಇಲ್ಲ. ಸಂಜೆ ಹೊಲದಲ್ಲಿ ಕೆಲಸ ಮಾಡುತ್ತಿರುವವನನ್ನು ಊಟಕ್ಕೆ ಕರೆಯುವ ಹಾಗೆ ಅದು. ಏರಿ, ಸ್ವಲ್ಪ ಕಾಯ್ದು, ಮತ್ತೆ ಅಲ್ಲಿಗೇ ಇಳಿಯುತ್ತದೆ. ಒಣಚಳಿಯಲ್ಲಿ ಚುನೀರಿಯ ದನಿ ಗಂಟೆಯಂತೆ ಸ್ಪಷ್ಟವಾಗಿ ಇಳಿಜಾರಿನ ಮೇಲೆ ಹರಿದು ಹೋಯಿತು. ಮಿನಾದೋರಾ ಹುಂಜದ ತಲೆಯನ್ನು ಶಾಲಿನಿಂದ ಹೊರತೆಗೆದು ಕೊರಕಲಿನ ಕಡೆಗೆ ತಿರುಗಿಸಿ ಹಿಡಿದಳು.

ಹುಂಜ ಕಣ್ಣು ಮಿಟುಕಿಸಿತು. ಕೂಗಲಿಲ್ಲ.

ಬಿಸಿಲು ಎದುರು ಬೆಟ್ಟದಿಂದ ಇಳಿದು ಬೋಳುಬೆನ್ನಿನ ನೆತ್ತಿಯನ್ನು ಮುಟ್ಟಿತು. ಸಿಲೊವಾನ್ ಕಣ್ಣು ಮುಚ್ಚಿ ಬಾರಿಸುತ್ತಲೇ ಇದ್ದ. ಬೆರಳ ತುದಿಗಳು ಬಿಳಿಚಿದ್ದವು. ಹುಂಜ ರೆಕ್ಕೆ ಒದರಿತು, ಮತ್ತೆ ಸುಮ್ಮನಾಯಿತು. ಅಲ್ಲಿಗೆ ಕೇಳಿಸುತ್ತಿಲ್ಲವೇನೋ ಎಂದುಕೊಂಡಳು ಮಿನಾದೋರಾ. ಸ್ವಲ್ಪವೇ ಮುಂದೆ ಹೋದರೆ ಕೇಳಿಸಬಹುದು. ಇಷ್ಟು ಹತ್ತಿರ ಬಂದು, ಇಷ್ಟು ಸಾಲದೆ ಅವರು ಅಲ್ಲೇ ಉಳಿದುಬಿಟ್ಟರೆ?

ಅವಳು ಕೊನೆಯ ಮರವನ್ನು ದಾಟಿದಳು.

ಒಂದು ಹೆಜ್ಜೆ. ಹಿಮ ಕಲ್ಲಿನಂತೆ ಗಟ್ಟಿ ಇತ್ತು. ಇನ್ನೊಂದು. ಏನೂ ಆಗಲಿಲ್ಲ. ಅವಳ ಎದೆಯಲ್ಲಿ ಸಂತೋಷದಂಥದ್ದು ಏನೋ ಎದ್ದಿತು. ಹಿಂದೆ ರಾಗ ನಿಲ್ಲಲಿಲ್ಲ. ಮುದುಕ ಕಣ್ಣು ತೆರೆದು ನೋಡಿದನೋ ಇಲ್ಲವೋ, ಕೂಗಲಿಲ್ಲ. ಅವನು ಕೂಗಿದರೆ ಕರೆ ಮುರಿಯುತ್ತದೆ, ಮುರಿದ ಕರೆಯನ್ನು ಆ ವರ್ಷ ಮತ್ತೆ ಹಿಡಿಯುವಂತಿಲ್ಲ. ಅವಳು ಮೂರನೆಯ ಹೆಜ್ಜೆಗೆ ಕಾಲೆತ್ತಿದಳು.

ಆಗ ಚುನೀರಿಯ ದನಿ ಬದಲಾಯಿತು.

ಮೊದಲು ಅವಳಿಗೆ ಮುದುಕನ ಕೈ ಸೋತಿತೆಂದು ತೋರಿತು. ಆದರೆ ರಾಗ ಹಾಗೇ ಇತ್ತು, ಗಂಟಲು ಮಾತ್ರ ಕಟ್ಟುತ್ತಿತ್ತು. ಗಂಟೆಯಂತಿದ್ದದ್ದು ಮಂಕಾಯಿತು, ಮಂಕಾದದ್ದು ಒದ್ದೆಯಾಯಿತು. ಅವಳ ಕೆನ್ನೆಗೆ ಇನ್ನೂ ಏನೂ ತಿಳಿದಿರಲಿಲ್ಲ, ಗಾಳಿ ಅಲುಗಿರಲಿಲ್ಲ. ಚರ್ಮಕ್ಕೆ ತಿಳಿದಿತ್ತು. ತೆಂಕಣದಿಂದ ಬಿಸಿ ಬರುತ್ತಿತ್ತು. ಎತ್ತಿದ ಕಾಲನ್ನು ಅವಳು ಎತ್ತಿದ ಜಾಗದಲ್ಲೇ ಮರಳಿ ಇಟ್ಟಳು. ಇಟ್ಟ ಕಾಲಿನ ಕೆಳಗೆ, ಬಹಳ ಆಳದಲ್ಲಿ, ಇಡೀ ಇಳಿಜಾರು ಒಮ್ಮೆ ನಿಟ್ಟುಸಿರು ಬಿಟ್ಟಿತು. ಮಲಗಿದ ದೊಡ್ಡ ಪ್ರಾಣಿ ಮಗ್ಗುಲು ಬದಲಿಸುವ ಮುನ್ನ ಬಿಡುವಂಥ ಉಸಿರು. ಅವಳ ಪಾದದಿಂದ ಕೂದಲಿನಷ್ಟು ಸಣ್ಣ ಬಿರುಕೊಂದು ಹೊರಟು ಮೇಲಕ್ಕೆ ಓಡಿ, ಕಣ್ಣಿಗೆ ಕಾಣದಲ್ಲಿ ನಿಂತಿತು.

ಮಿನಾದೋರಾ ಅಲುಗಲಿಲ್ಲ. ಗಂಡ ಕೊನೆಯದಾಗಿ ಕೇಳಿದ್ದು ಇದನ್ನೇ ಎಂದು ಅವಳಿಗೆ ತಿಳಿಯಿತು. ಅದಕ್ಕಿಂತ ಹತ್ತಿರ ಅವನ ಬಳಿಗೆ ಹೋಗುವುದು ಸಾಧ್ಯವಿರಲಿಲ್ಲ.

"ಬಿಮುರ್ಜಾ" ಎಂದಳು. ಬದುಕಿದ್ದಾಗ ಹೆಸರು ಹಿಡಿದು ಕರೆದವಳಲ್ಲ. "ನಾನು ಬರೋಕಾಗಲ್ಲ. ನನಗೆ ಮೈಭಾರ ಐತೆ, ಈ ಹಿಮ ತಡೆಯೋದಿಲ್ಲ. ನಿಮಗೀಗ ಭಾರ ಎಲ್ಲೈತೆ? ನಿಮ್ಮ ಕೆಳಗೆ ಯಾವ ಹಿಮವೂ ಒಡೆಯೋದಿಲ್ಲ. ಹೆದರ್ಬೇಡಿ. ನೀವೇ ದಾಟ್ಕೊಂಡು ಬನ್ನಿ. ನಾನು ಇಲ್ಲಿಂದ ತಿರುಗ್ತೀನಿ, ತಿರುಗಿದ ಮೇಲೆ ನೋಡಂಗಿಲ್ಲ, ನಿಮಗೇ ಗೊತ್ತು. ಬೆನ್ನಿಗೇ ಬನ್ನಿ."

ಅವಳು ತನ್ನದೇ ಹೆಜ್ಜೆಗುರುತಿನ ಮೇಲೆ ಕಾಲಿಟ್ಟು ಮರದ ಈಚೆಗೆ ಬಂದಳು. ಸಿಲೊವಾನ್ ಅವಳ ಮುಖ ನೋಡಲಿಲ್ಲ. ಬಾರಿಸುತ್ತಲೇ ತಿರುಗಿ ಕಾಡಿನೊಳಗೆ ಇಳಿಯತೊಡಗಿದ. ಹುಂಜ ಕೂಗಿರಲಿಲ್ಲ. ಆದರೂ ಇಬ್ಬರೂ ಹಿಂದಿರುಗಿ ನೋಡಲಿಲ್ಲ.

ಆ ಇಳಿಯುವಿಕೆಯಷ್ಟು ಉದ್ದದ ದಾರಿಯನ್ನು ಅವಳು ಮತ್ತೆಂದೂ ನಡೆಯಲಿಲ್ಲ. ಬೆನ್ನ ಹಿಂದೆ ಏನೂ ಕೇಳಿಸುತ್ತಿರಲಿಲ್ಲ. ಯಾರಾದರೂ ಬರುತ್ತಿದ್ದಾರೆಯೇ, ಯಾರೂ ಇಲ್ಲವೇ, ಎರಡೂ ಒಂದೇ ಮೌನ. ಕೊಂಬೆಗಳಿಂದ ಹಿಮ ತೊಟ್ಟಿಕ್ಕಲು ತೊಡಗಿತ್ತು. ದೇವರನ್ನು ನಂಬುವುದೂ ಹೀಗೆಯೇ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಕುತ್ತಿಗೆ ತಿರುಗಿಸದೆ ನಡೆಯುವುದು. ಹೇಳಲು ಸುಲಭ.

ಹೊಸ್ತಿಲ ಬಳಿ ಸಿಲೊವಾನನ ಕೈಯಿಂದ ಕಮಾನು ತಾನಾಗಿ ಜಾರಿಬಿತ್ತು. ಅಲ್ಲೇ ಕಾದಿದ್ದ ದೆಸ್ಪಿನೆ ಅವನ ಬೆರಳುಗಳನ್ನು ತನ್ನ ಕಂಕುಳಲ್ಲಿ ಒತ್ತಿ ಹಿಡಿದುಕೊಂಡಳು. "ಮುದಿ ಕತ್ತೆ" ಎಂದಳು ಮೆಲ್ಲಗೆ, ಹಬ್ಬದ ದಿನವಾದ್ದರಿಂದ. "ಕೂಗ್ತೇನ್ರಿ ಅದು?"

"ಇಲ್ಲ" ಎಂದ ಸಿಲೊವಾನ್.

ಆ ಸಂಜೆ ಮಿನಾದೋರಾ ಮೇಜು ಹಾಸಿದಳು. ಬೆಂದ ಹುರುಳಿಕಾಯಿ ಬೀಜ, ಚೀಸ್ ತುಂಬಿದ ರೊಟ್ಟಿ, ಅರಾಕ್ ಎಂಬ ಸಾರಾಯಿ. ಬಾಗಿಲು ತೆರೆದು ಮಾವನನ್ನು ಕರೆದಳು, ಅತ್ತೆಯನ್ನು ಕರೆದಳು, ಗಂಡನನ್ನು ಕರೆದಳು. ಚಳಿ ಒಳಗೆ ಬಂತು. ಬಾಗಿಲು ಮುಚ್ಚಿ ಕುಳಿತಳು. ಮೊದಲ ಎರಡು ದಿನ ಅವಳು ಒಂದು ತುತ್ತೂ ನುಂಗದೆ, ಗಂಡನ ತಟ್ಟೆಯನ್ನೇ ನೋಡುತ್ತ, ಅಂಗಳದ ಸದ್ದಿಗೆ ಕಿವಿಗೊಟ್ಟು ಕುಳಿತಿದ್ದಳು. ಮೂರನೆಯ ದಿನ ದನಕ್ಕೆ ಹುಲ್ಲು ಹಾಕಿ ಬಂದು, ಹಸಿವಾಗಿ, ತನ್ನ ತಟ್ಟೆ ಹತ್ತಿರಕ್ಕೆಳೆದುಕೊಂಡು ಉಂಡಳು. ಉಂಡು ಮುಗಿಸಿದ ಮೇಲೆ, ಇಷ್ಟು ಹೊತ್ತು ತಾನು ಬಾಗಿಲಿಗೆ ಕಿವಿಗೊಡಲೇ ಇಲ್ಲವಲ್ಲ ಎಂಬುದು ನೆನಪಾಯಿತು. ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ.

ಬೋಳುಬೆನ್ನು ಆ ದಿನ ಜಾರಲಿಲ್ಲ. ಮರುದಿನವೂ ಇಲ್ಲ. ಬಿಸಿಗಾಳಿ ಬಂದು ಹೋಯಿತು, ಮತ್ತೆ ಚಳಿ ಕಟ್ಟಿತು, ಬಿರುಕು ಮುಚ್ಚಿಹೋಯಿತು. ನೀರು ತರುವ ಕಡೆ ಹೆಂಗಸರು ಪಿಸುಗುಟ್ಟಿದರು.

"ದಾಟಿದ್ರೂ ಏನೂ ಆಗ್ತಿರ್ಲಿಲ್ಲವಂತೆ."

"ಜಾಗದಲ್ಲಿ ನಿಂತು ಕರೆದಿದ್ರೆ ಹುಂಜ ಕೂಗ್ತಿತ್ತು ಬಿಡು."

ಈ ಮಾತು ಸಿಲೊವಾನನ ಕಿವಿಗೂ ಬಿತ್ತು. ಅವನು ವಾದಿಸಲಿಲ್ಲ. "ದಾಟ್ಬೋದಿತ್ತೇನೋ" ಎಂದನಷ್ಟೆ. ಜಾರಿದ ಹಿಮ ಉತ್ತರ ಕೊಡುತ್ತದೆ. ಜಾರದ ಹಿಮ ಯಾರಿಗೂ ಏನನ್ನೂ ಹೇಳುವುದಿಲ್ಲ. ಹಿಂತಿರುಗಿ ಬಂದವರು ಆ ಮೌನವನ್ನು ಹೊತ್ತುಕೊಂಡೇ ಬದುಕಬೇಕು.

ಹಬ್ಬದ ಕೊನೆಯ ಬೆಳಿಗ್ಗೆ ಸತ್ತವರನ್ನು ಕಳಿಸಿಕೊಡಬೇಕು. ಪ್ರತಿ ಮನೆಯ ಬಾಗಿಲೂ ತೆರೆಯುತ್ತದೆ. ಮನೆಯ ಹಿರಿಯರು ಅಂಗಳದವರೆಗೆ ಹೋಗಿ, ಬಂಧುಗಳನ್ನು ಬೀಳ್ಕೊಡುವಂತೆ ಒಬ್ಬೊಬ್ಬರಿಗೂ ಮಾತು ಹೇಳುತ್ತಾರೆ. ಮಿನಾದೋರಾಳ ಮನೆಯಲ್ಲಿ ಅದನ್ನು ಅದುವರೆಗೆ ಬಿಮುರ್ಜಾ ಮಾಡುತ್ತಿದ್ದ. ಈಗ ಅವಳು ಶಾಲು ಹೊದ್ದು ಹೊರಗೆ ಬಂದಳು. ಮಾವನಿಗೆ ಹೇಳಿದಳು, ನಿಧಾನವಾಗಿ ಹೋಗಿ, ಮೊಣಕಾಲು ಜೋಪಾನ. ಅತ್ತೆಗೆ ಹೇಳಿದಳು, ಹಸುಗಳ ಚಿಂತೆ ಬೇಡ, ಕಂದು ಹಸು ಗಬ್ಬವಾಗಿದೆ. ಆಮೇಲೆ ನಿಂತಳು. ಬಂದಿದ್ದರೋ ಇಲ್ಲವೋ ಗೊತ್ತಿಲ್ಲದವರಿಗೆ ಏನೆಂದು ಹೇಳುವುದು? ಬಾರದವರನ್ನು ಕಳಿಸಿಕೊಡುವುದು ಹೇಗೆ?

ಬಾಯಿ ತಾನಾಗಿ ತೆರೆಯಿತು.

"ಮುಂದಿನ ವರ್ಷ ಮೊದಲನೇ ದಿನಾನೇ ಬನ್ನಿ" ಎಂದಳು. "ಈ ಸಲ ಮೂರನೇ ದಿನಕ್ಕೆ ಬಂದ್ರಿ, ರೊಟ್ಟಿಯೆಲ್ಲ ಆರಿಹೋಗಿತ್ತು."

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಅವಳು ಅಂಗಳದ ನಡುವೆ ಕದಲದೆ ನಿಂತಳು. ಪಕ್ಕದ ಮನೆಯಂಗಳದಲ್ಲಿ ದೆಸ್ಪಿನೆ ತನ್ನ ತಂದೆ ತಾಯಿಗೆ ಕೈ ಬೀಸುತ್ತಿದ್ದಳು. ಹಿಮದ ಮೇಲೆ ಯಾವ ಗುರುತೂ ಇರಲಿಲ್ಲ, ಇರಬೇಕಾದ್ದೂ ಇಲ್ಲ. ಭಾರವಿಲ್ಲದವರು ಹೋಗುವ ದಾರಿ.

ಬಹಳ ಹೊತ್ತಿನ ಮೇಲೆ ಅವಳು ಒಳಗೆ ಬಂದು ಬಾಗಿಲು ಹಾಕಿದಳು. ನೆಂಟರು ಹೋದ ಮನೆ ಹೇಗಿರುತ್ತದೋ ಮನೆ ಹಾಗಿತ್ತು. ತಟ್ಟೆಗಳನ್ನು ಒಂದೊಂದಾಗಿ ತೊಳೆದಳು. ಆಮೇಲೆ, ಯಾರೂ ಇಲ್ಲದ ಆ ಕೋಣೆಯಲ್ಲಿ ಕುಳಿತು, ಗಂಡ ಸತ್ತಂದಿನಿಂದ ಮೊದಲ ಬಾರಿಗೆ, ಯಾರನ್ನೂ ಕಾಯದೆ ಅತ್ತಳು.